ಮಗಳು ಹೇಳಿಕೊಟ್ಟ ರಿವರ್ಸ್

ನನ್ನ ಕೋಪದ ಬಗ್ಗೆ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಎರಡನೇ ಮಹಡಿಯಲ್ಲಿ ನಾನು ಬಾಯಿ ತೆರೆದರೆ ಕೆಳಗೆ ಅಂಗಡಿಯಲ್ಲಿ ಮಾತಾಡುತ್ತ ನಿಂತವರು ಸ್ವರ ತಗ್ಗಿಸುತ್ತಾರೆ ಎಂದು ನನ್ನ ಗಂಡ ತಮಾಷೆ ಮಾಡುವುದುಂಟು. ಉಡುಪಿ ಕಡೆಯಿಂದ ನಾವು ಒಮಾನಿನ ನಿಜ್ವಾಕ್ಕೆ ಬಂದು ಏಳು ವರ್ಷವಾಯಿತು. ಇವರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ನನಗೆ ಮನೆ ಕೆಲಸ. ಈ ಏಳು ವರ್ಷಗಳಲ್ಲಿ ನನ್ನಿಂದ ಅತಿ ಹೆಚ್ಚು ಬೈಸಿಕೊಂಡದ್ದು ಗಂಡನೂ ಅಲ್ಲ, ಬಿಸಿಲೂ ಅಲ್ಲ. ನಮ್ಮ ಒಬ್ಬಳೇ ಮಗಳು ಮತ್ತು ಅವಳ ಕೈಯ ಟ್ಯಾಬು. ಬೈಗುಳ ನನಗೆ ತುಳುವಿನಲ್ಲೇ ಬರುವುದು. ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ.

ಆರನೇ ಕ್ಲಾಸಿನ ಹುಡುಗಿ. ಶಾಲೆಯಿಂದ ಬಂದು ಬ್ಯಾಗು ಬಿಸಾಡಿ ಸೋಫಾದ ಮೂಲೆ ಹಿಡಿದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ತಟ್ಟೆ ಮುಂದಿಟ್ಟರೆ ಕೈ ಬಾಯಿಗೆ ಹೋಗುತ್ತಿತ್ತು, ಕಣ್ಣು ಮಾತ್ರ ಆಟದ ಮೇಲೆ. ಒಂದು ದಿನ ಹಾಗೆಯೇ ತಿನ್ನುತ್ತ ತಿನ್ನುತ್ತ ಬಂಗುಡೆ ಮೀನಿನ ಮುಳ್ಳನ್ನು ಗಂಟಲಿಗೆ ಸಿಕ್ಕಿಸಿಕೊಂಡಳು. ನಾನು ಅನ್ನದ ಉಂಡೆ ಮಾಡಿ ನುಂಗಿಸುತ್ತಿದ್ದೇನೆ, ಬೆನ್ನು ತಟ್ಟುತ್ತಿದ್ದೇನೆ, ದೇವರಿಗೆ ಹರಕೆ ಹೇಳುತ್ತಿದ್ದೇನೆ. ಮುಳ್ಳು ಇಳಿದದ್ದೇ ತಡ, ಮಹಾರಾಯ್ತಿ ಕಣ್ಣೀರು ಒರೆಸಿಕೊಂಡು ಕೇಳಿದ್ದು, "ಅಮ್ಮ, ಆಟ ಪಾಝ್ ಮಾಡಿ ನಿಲ್ಲಿಸಿದ್ಯಾ?" ನನಗೆ ಪಿತ್ತ ನೆತ್ತಿಗೇರಿತು. ಆ ದಿನವೇ ಕಾನೂನು ಬಂತು: ದಿನಕ್ಕೆ ಅರ್ಧ ಗಂಟೆ, ಅದೂ ಹೋಮ್‌ವರ್ಕ್ ಆದ ಮೇಲೆ. ಅವಳು ಹೋಮ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳುವುದನ್ನು ಕಲಿತಳು. ನಾನು ಅವಳ ಗೆಳತಿಯರ ತಾಯಂದಿರಿಗೆ ಫೋನ್ ಮಾಡುವುದನ್ನು ಕಲಿತೆ.

ಇಷ್ಟರಲ್ಲಿ ಕಳೆದ ಚಳಿಗಾಲ ಶುರುವಾಗುವ ಹೊತ್ತಿಗೆ ನನ್ನ ಅದೃಷ್ಟದ ಬಾಗಿಲು ಸ್ವಲ್ಪ ತೆರೆಯಿತು. ಊರಲ್ಲಿದ್ದಾಗ ನಾನು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಇಲ್ಲಿಗೆ ಬಂದ ಮೇಲೆ ಮೈಕ್ರೋಸ್ಕೋಪಿನಲ್ಲಿ ರಕ್ತದ ಕಣ ನೋಡುತ್ತಿದ್ದ ಕಣ್ಣು ತೊಗರಿಬೇಳೆಯಲ್ಲಿ ಕಲ್ಲು ಹುಡುಕುವುದಕ್ಕೆ ಉಳಿದಿತ್ತು. ಪಕ್ಕದ ಊರಿನ ಸಣ್ಣ ಕ್ಲಿನಿಕ್ ಒಂದರಲ್ಲಿ ನನಗೆ ಸರಿಹೊಂದುವ ಕೆಲಸ ಖಾಲಿಯಾಯಿತು. ಬೇಕಾದ ಪರೀಕ್ಷೆ, ಕಾಗದಪತ್ರ ಎಲ್ಲ ಹೇಗೋ ಮುಗಿಸಿದೆ. ಉಳಿದದ್ದು ಒಂದೇ, ಅಲ್ಲಿಗೆ ಹೋಗುವುದು ಹೇಗೆ? ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ, ಇವರ ಶಿಫ್ಟು ಇವತ್ತಿದ್ದ ಹಾಗೆ ನಾಳೆ ಇಲ್ಲ. ಕ್ಲಿನಿಕ್ಕಿನ ಡಾಕ್ಟರಮ್ಮ ಕಾಸರಗೋಡಿನವರು, ಕನ್ನಡದಲ್ಲೇ ಹೇಳಿದರು: "ಲೈಸೆನ್ಸ್ ಮಾಡಿಕೊಂಡು ರಮ್ಜಾನ್ ಮೊದಲು ಬಂದು ಸೇರಿ. ಅಲ್ಲಿವರೆಗೆ ಕಾಯ್ತೇನೆ. ಆಮೇಲೆ ನನಗೂ ಕಷ್ಟ, ಬೇರೆಯವರನ್ನು ತಗೊಳ್ಬೇಕಾಗ್ತದೆ." ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಸುಳ್ಳಲ್ಲ, ನಿಜವಾಗಿಯೂ ಕುಣಿದೆ.

ಕುಣಿದದ್ದು ಬೇಗವಾಯಿತು. ಒಮಾನಿನಲ್ಲಿ ಲೈಸೆನ್ಸ್ ತೆಗೆಯುವುದೆಂದರೆ ಎಂಥದ್ದು ಎಂದು ತೆಗೆದವರನ್ನೇ ಕೇಳಬೇಕು. ಮೊದಲು ಡ್ರಮ್ ಟೆಸ್ಟು: ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವಿನ ಕಿರಿದಾದ ಜಾಗಕ್ಕೆ ಕಾರನ್ನು ಹಿಂದೆ ಹಿಂದೆ ಒಯ್ದು ನಿಲ್ಲಿಸಬೇಕು. ಒಂದಕ್ಕೆ ತಾಗಿದರೂ ಖಲಾಸ್. ಅದು ಪಾಸಾದರೆ ಏರಿನಲ್ಲಿ ಕಾರು ನಿಲ್ಲಿಸಿ ಹೊರಡಿಸುವುದು, ಆಮೇಲೆ ಪೊಲೀಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸುವುದು. ಆದರೆ ನಮ್ಮವರಲ್ಲಿ ಹೆಚ್ಚಿನವರು ಸೋಲುವುದು ಡ್ರಮ್ಮಿನಲ್ಲೇ. ನಮ್ಮ ಕರಾವಳಿಯ ಹೆಂಗಸರು ಒಟ್ಟು ಸೇರಿದರೆ ಒಬ್ಬರನ್ನೊಬ್ಬರು ಕೇಳುವುದು, "ನಿಮ್ಮದು ಡ್ರಮ್ ಆಯ್ತಾ?" ಎಂದು.

ನನಗೆ ಕಲಿಸಿದ್ದು ಒಬ್ಬ ಒಮಾನಿ ಹೆಂಗಸು. ಹಿಂದಿ ಚೆನ್ನಾಗಿ ಬರುತ್ತಿತ್ತು, ನಗು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ನಾನು ಸ್ಟೇರಿಂಗ್ ಕಂಡರೆ ಹೆದರುವುದನ್ನು ನೋಡಿ ಆಕೆ ಕಾರಿನ ಹಿಂದಿನ ಗಾಜಿಗೆ ಕೆಂಪು ಟೇಪಿನ ಎರಡು ತುಂಡು ಅಂಟಿಸಿ ಒಂದು ದಾರಿ ತೋರಿಸಿದರು. ಮೊದಲ ಡ್ರಮ್ಮು ಟೇಪಿನ ನೇರಕ್ಕೆ ಬಂದಾಗ ಪೂರ್ತಿ ಬಲಕ್ಕೆ, ಎರಡನೆಯದು ಕನ್ನಡಿಯ ಮೂಲೆಗೆ ಬಂದಾಗ ಒಂದೂವರೆ ಸುತ್ತು ಎಡಕ್ಕೆ. ಅದು ಹೆದರಿದವರಿಗೆ ಕೈಹಿಡಿಯುವುದಕ್ಕೆ ಮಾತ್ರ, ನಿಧಾನವಾಗಿ ಬಿಡಬೇಕು ಎಂದೂ ಹೇಳಿದ್ದರು. ನಾನು ಬಿಡುತ್ತೇನೆಯೇ? ಎಸ್ಸೆಸ್ಸೆಲ್ಸಿಯಿಂದ ಡಿಪ್ಲೊಮಾದವರೆಗೆ ಬಾಯಿಪಾಠದಲ್ಲೇ ಫಸ್ಟ್ ಕ್ಲಾಸ್ ಬಂದವಳು ನಾನು. ಟೇಪು-ಬಲ, ಕನ್ನಡಿ-ಎಡ ಎಂದು ದೋಸೆಹಿಟ್ಟು ರುಬ್ಬುವಾಗಲೂ ಜಪ ಮಾಡಿದೆ.

ಮೊದಲ ಸಲ ಟೆಸ್ಟಿಗೆ ಹೋದಾಗ ಕೈಕಾಲು ನಡುಗಿ ಫೇಲಾದೆ. ಅದು ಪರವಾಗಿಲ್ಲ, ಎಲ್ಲರೂ ಮೊದಲ ಸಲ ನಡುಗುತ್ತಾರೆ. ಎರಡನೆಯ ಸಲ ನಡುಕವಿರಲಿಲ್ಲ. ಧೈರ್ಯವಾಗಿ ಕೂತೆ, ರಿವರ್ಸ್ ಹಾಕಿದೆ, ತಿರುಗಿ ನೋಡಿದೆ. ಅಯ್ಯೋ ದೇವರೇ, ಗಾಜಿನಲ್ಲಿ ಟೇಪಿಲ್ಲ! ಹಿಂದಿನ ದಿನ ಧೂಳುಗಾಳಿ ಬೀಸಿತ್ತೆಂದು ಆಕೆ ಕಾರು ತೊಳೆಸಿದ್ದರು, ತೊಳೆದವ ಅಂಟೂ ಉಳಿಯದ ಹಾಗೆ ತಿಕ್ಕಿದ್ದ. ಹೊಸ ಸೊಸೆಯ ಹಾಗೆ ಫಳಫಳ ಹೊಳೆಯುವ ಗಾಜನ್ನು ನೋಡುತ್ತ ನಾನು ಎತ್ತ ತಿರುಗಿಸಿದೆನೋ ಯಾವ ದೇವರಿಗೆ ಗೊತ್ತು. ಎರಡು ಡ್ರಮ್ಮು ಒಟ್ಟಿಗೆ ಬಿದ್ದವು. ಪೊಲೀಸಪ್ಪ ಪಾಪ, ನಗು ತಡೆಯಲು ಆಚೆ ಮುಖ ಮಾಡಿದ. ಮೂರನೆಯ ಟೆಸ್ಟಿಗೆ ಸಿಕ್ಕಿದ ದಿನದಿಂದ ಲೆಕ್ಕ ಹಾಕಿದರೆ ರಮ್ಜಾನಿಗೆ ಉಳಿಯುವುದು ಮೂರೇ ವಾರ. ಇನ್ನೊಮ್ಮೆ ಬಿದ್ದರೆ ಕ್ಲಿನಿಕ್ಕಿನ ಕೆಲಸವೂ ಬಿದ್ದ ಹಾಗೆ.

ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ ಸೋಫಾದಲ್ಲಿ ಕೂತು ಅತ್ತೆ. ಇವರು ಚಹಾ ಮಾಡಿ ತಂದುಕೊಟ್ಟರು. "ಆಯ್ತು ಬಿಡು ಮಾರಾಯ್ತಿ, ಇನ್ನೊಂದು ಸಲ ಉಂಟಲ್ಲ" ಎಂದರು. "ನಿಮಗೆ ಹೇಳ್ಲಿಕ್ಕೆ ಸುಲಭ" ಎಂದು ಅವರ ಮೇಲೂ ಹಾರಿದೆ. ಮಗಳು ಟ್ಯಾಬು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಟೇಪಿನ ಕತೆಯನ್ನೆಲ್ಲ ಕೇಳಿಸಿಕೊಂಡವಳು ಕೊನೆಗೆ ಬಾಯಿ ಬಿಟ್ಟಳು.

"ಅಮ್ಮ, ಯು ಬೈಹಾರ್ಟೆಡ್ ದ ಲೆವೆಲ್. ಲೆವೆಲ್ ಚೇಂಜ್ ಆದ್ರೆ ಎಂತ ಮಾಡುದು? ನೀನು ಟೇಪ್ ನೋಡಿದ್ದಿ. ಕಾರು ಎಲ್ಲಿಗೆ ಹೋಗ್ತದೆ ಅಂತ ನೋಡ್ಲಿಲ್ಲ."

ನನ್ನ ಮೈ ಉರಿದುಹೋಯಿತು. ಉರಿದದ್ದು ಅವಳು ಹೇಳಿದ್ದು ತಪ್ಪಾಗಿದ್ದಕ್ಕಲ್ಲ.

ಮರುದಿನ ಅವಳು ಟ್ಯಾಬು ತಂದು ನನ್ನ ಮಡಿಲಲ್ಲಿಟ್ಟಳು. ಕಾರು ಪಾರ್ಕ್ ಮಾಡುವ ಆಟ. ಪ್ರತಿ ಸಲವೂ ಬೇರೆ ಜಾಗ, ಬೇರೆ ಕಾರು, ಅಡ್ಡಕ್ಕೆ ಬೇರೆ ಬೇರೆ ಕಂಬ. ಮೊದಲು ಮೇಲಿನಿಂದ ಕಾಣುವ ನೋಟದಲ್ಲಿ ಕಾರಿನ ಹಿಂಭಾಗ ಹೇಗೆ ಬೀಸುತ್ತದೆ ಎಂದು ತೋರಿಸಿದಳು. ಆಮೇಲೆ ಡ್ರೈವರ್ ಕೂತಲ್ಲಿಂದ ಕಾಣುವ ನೋಟಕ್ಕೆ ಬದಲಿಸಿ, "ಈಗ ಆಡು" ಎಂದಳು. ಗುದ್ದಿದೆ. ಮತ್ತೆ ಗುದ್ದಿದೆ. ಕಂಬಕ್ಕೆ, ಗೋಡೆಗೆ, ನಿಲ್ಲಿಸಿದ್ದ ಆಂಬ್ಯುಲೆನ್ಸಿಗೆ. ಆಂಬ್ಯುಲೆನ್ಸಿಗೆ ಗುದ್ದಿದಾಗ ಇವರು, "ಅದನ್ನು ಬಿಡು, ನಮ್ಮ ಅನ್ನ ಅದರಲ್ಲಿ ಬರುದು" ಎಂದು ನಕ್ಕರು. ಮಗಳು ನಗಲಿಲ್ಲ. ಪ್ರತಿ ಸಲವೂ ಒಂದೇ ಸ್ವರದಲ್ಲಿ, "ಪುನಃ ಮಾಡು. ಈ ಸಲ ಸ್ವಲ್ಪ ಬೇಗ ತಿರುಗಿಸಿದ್ದಿ, ಅಷ್ಟೇ." ನಾನು ಅವಳಿಗೆ ಅರೇಬಿಕ್ ಅಕ್ಷರ ಬರೆಸುವಾಗ ಮೂರನೆಯ ತಪ್ಪಿಗೇ ನನ್ನ ಸ್ವರ ಮನೆಯ ಮಾಡಿಗೆ ಮುಟ್ಟುತ್ತಿತ್ತು. ಇವಳಿಗೆ ಈ ತಾಳ್ಮೆ ಎಲ್ಲಿಂದ ಬಂತು? ನನ್ನಿಂದಂತೂ ಅಲ್ಲ. ನೋಡನೋಡುತ್ತ ಅರ್ಥವಾಯಿತು: ಸೋಫಾದ ಮೂಲೆಯಲ್ಲಿ ಕೂತು ಅವಳು ಇಷ್ಟು ವರ್ಷ ಮಾಡಿದ್ದು ಅದೇ. ಸೋಲುವುದು, ಯಾಕೆ ಸೋತೆ ಎಂದು ನೋಡುವುದು, ಬೈಯುವವರಿಲ್ಲದ ಜಾಗದಲ್ಲಿ ಪುನಃ ಮಾಡುವುದು. ನನಗೆ ನಾಚಿಕೆಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾಲ್ಕನೆಯ ದಿನ ಮೊದಲ ಸಲ ಯಾವುದಕ್ಕೂ ತಾಗದೆ ಕಾರು ಒಳಗೆ ಹೋಯಿತು. ಟ್ಯಾಬಿನಿಂದ ಚಪ್ಪಾಳೆಯ ಸದ್ದು ಬಂತು. ನನ್ನ ಜೀವಮಾನದಲ್ಲಿ ಯಾರೂ ನನಗೆ ಹಾಗೆ ಚಪ್ಪಾಳೆ ತಟ್ಟಿರಲಿಲ್ಲ!

ಅಲ್ಲಿಗೆ ನನ್ನ ಕತೆ ಕೆಟ್ಟಿತು. ಬೆಳಿಗ್ಗೆ ಇಬ್ಬರೂ ಮನೆ ಬಿಟ್ಟ ಕೂಡಲೇ ನಾನು ಟ್ಯಾಬು ಹಿಡಿದು ಕೂರಲು ಶುರುಮಾಡಿದೆ. ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ. ಪಾರ್ಕಿಂಗ್ ಮುಗಿಸಿ ಅದರ ಪಕ್ಕದಲ್ಲೇ ಇದ್ದ ಬಣ್ಣದ ಹಣ್ಣು ಜೋಡಿಸುವ ಆಟಕ್ಕೂ ಇಳಿದೆ. ಅದಕ್ಕೂ ಡ್ರಮ್ ಟೆಸ್ಟಿಗೂ ಎಂತ ಸಂಬಂಧ ಎಂದು ಕೇಳಬೇಡಿ. ಬಟ್ಟೆ ಮೆಷಿನ್ನಿನಲ್ಲೇ ಮುಗ್ಗಿತು. ಒಂದು ದಿನ ಕುಕ್ಕರಿನ ಸೀಟಿ ಎಷ್ಟಾಯಿತೆಂದು ತಿಳಿಯದೆ ಬೇಳೆ ತಳ ಹಿಡಿದು ಮನೆಯೆಲ್ಲ ಹೊಗೆ. ಕಿಟಕಿ ತೆರೆದು, ಪಾತ್ರೆ ತಿಕ್ಕಿ, ಹೊಟೇಲಿನಿಂದ ಪರೋಟ ತರಿಸಿದೆ. ಮಗಳು ಬಂದು ಮೂಗು ಅರಳಿಸಿ, "ಎಂತ ವಾಸನೆ?" ಎಂದಾಗ, "ಕೆಳಗಿನ ಮನೆಯವರದ್ದು" ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು! ಆದರೆ ಟ್ಯಾಬು ನನಗಿಂತ ಪ್ರಾಮಾಣಿಕವಾಗಿತ್ತು. ಯಾವ ಆಟ ಎಷ್ಟು ಹೊತ್ತು ಆಡಿದ್ದು ಎಂದು ಅದು ಬರೆದಿಡುತ್ತದೆಯಂತೆ. ಅವಳ ಮೇಲೆ ಕಣ್ಣಿಡಲು ಅದನ್ನು ಹಾಕಿಸಿದ್ದು ನಾನೇ. ಅವಳು ತೆರೆದು ನೋಡಿ ನನ್ನೆದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ತ್ರೀ ಅವರ್ಸ್, ಅಮ್ಮ? ತ್ರೀ ಅವರ್ಸ್! ನನಗೆ ಅರ್ಧ ಗಂಟೆ."

"ಅದು... ಪ್ರಾಕ್ಟೀಸು."

"ಫ್ರೂಟ್ ಗೇಮ್ ಪ್ರಾಕ್ಟೀಸಾ? ಕಣ್ಣು ನೋಡು, ಕೆಂಪಾಗಿದೆ. ಮಂಡೆ ಉಂಟಾ ನಿನಗೆ?"

ಕೊನೆಯ ಮಾತು ಅಕ್ಷರಕ್ಕಕ್ಷರ ನನ್ನದು, ಸ್ವರವೂ ನನ್ನದೇ. ಇವರು ಸೋಫಾದಲ್ಲಿ ಹೊಟ್ಟೆ ಹಿಡಿದು ಬಿದ್ದು ನಕ್ಕರು. ನನಗೂ ನಗು ತಡೆಯಲಿಲ್ಲ. ಆ ಸಂಜೆ ಹೊಸ ಕಾನೂನು ಬಂತು: ಇಬ್ಬರಿಗೂ ಅರ್ಧ ಗಂಟೆ, ಊಟದ ಹೊತ್ತಿಗೆ ಇಬ್ಬರಿಗೂ ಇಲ್ಲ, ಮತ್ತು ಒಬ್ಬರು ಆಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂರಬೇಕು. "ಐದು ನಿಮಿಷ, ಇದೊಂದು ಮುಗೀಲಿ" ಎಂದು ಅವಳು ಗೋಗರೆಯುವಾಗ ಹೊಟ್ಟೆಯೊಳಗೆ ಎಂತ ಆಗುತ್ತದೆ ಎಂದು ನನಗೆ ಈಗ ಗೊತ್ತಿತ್ತು. ಅದು ಹಟವಲ್ಲ, ಅಥವಾ ಬರೀ ಹಟವಲ್ಲ. ಬೆರಳು ತಾನಾಗಿ ಹೋಗುತ್ತದೆ. ನಲವತ್ತರ ಹತ್ತಿರ ಬಂದ ನನ್ನಿಂದಲೇ ಆಗದ್ದನ್ನು ಹನ್ನೊಂದರ ಹುಡುಗಿ ಒಬ್ಬಳೇ ಬಿಡಬೇಕು ಎಂದರೆ ಹೇಗೆ? ಅದಕ್ಕೇ ಪಕ್ಕದಲ್ಲಿ ಕೂರುವ ಕಾನೂನು.

ಆಟ ಎಲ್ಲವನ್ನೂ ಕಲಿಸಿತು ಎಂದು ಮಾತ್ರ ತಿಳಿಯಬೇಡಿ. ಶಾಲೆಗೆ ಚಳಿಗಾಲದ ರಜೆ ಬಂದಾಗ ಕಲಿಸುವಾಕೆಯನ್ನು ಕೇಳಿ ಮಗಳನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಭ್ಯಾಸಕ್ಕೆ ಹೋದೆ. ಟೇಪು ಬೇಡ ಎಂದು ನಾನೇ ಹೇಳಿದ್ದೆ. ಆಕೆ ಹುಬ್ಬು ಹಾರಿಸಿ, "ಯಲ್ಲಾ, ನಡಿ, ತೋರಿಸು" ಎಂದರು. ಟ್ಯಾಬಿನಲ್ಲಿ ಓಡಿಸುವ ವೇಗದಲ್ಲೇ ರಿವರ್ಸ್ ಬಿಟ್ಟೆ. ದಡ್ ಎಂದು ಡ್ರಮ್ಮು ಉರುಳಿತು, ಆಕೆ ತನ್ನ ಕಡೆಯ ಬ್ರೇಕು ಒತ್ತಿದ ರಭಸಕ್ಕೆ ಮೂವರೂ ಮುಂದಕ್ಕೆ ಬಂದೆವು. ಆ ನಗುಮುಖ ಮೊದಲ ಸಲ ಗಂಭೀರವಾದದ್ದು ಆಗಲೇ. "ಶ್ವಾಯ್ ಶ್ವಾಯ್! ನಿಧಾನ! ಇದು ಮೊಬೈಲ್ ಅಲ್ಲ. ಆ ಡ್ರಮ್ಮಿನ ಜಾಗದಲ್ಲಿ ನಿನ್ನ ಮಗಳೇ ನಿಂತಿದ್ದಾಳೆ ಅಂತ ತಿಳಿದು ಓಡಿಸು" ಎಂದು ಹಿಂದಿಯಲ್ಲಿ ಗದರಿದರು.

ಹಿಂದೆ ಕೂತಿದ್ದ ಮಗಳು ಇಳಿದು ಹೋಗಿ ಬಿದ್ದ ಡ್ರಮ್ಮನ್ನು ಎತ್ತಿ ನಿಲ್ಲಿಸಲು ನೋಡಿದಳು, ಅವಳಿಂದ ಆಗಲಿಲ್ಲ, ನಾವಿಬ್ಬರೂ ಸೇರಿ ನಿಲ್ಲಿಸಿದೆವು. ತಗಡು ತಗ್ಗಾದ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ಇದು ತುಂಬಾ ಕಷ್ಟ ಉಂಟು ಅಮ್ಮ" ಎಂದಳು ಮೆಲ್ಲಗೆ. "ಹಿಂದೆ ಎಂತ ಉಂಟು ಅಂತ ಕಾಣುದೇ ಇಲ್ಲ. ನಾನು ಸುಲಭ ಅಂತ ಹೇಳಿದ್ದೆ. ಸಾರಿ." ಅವಳ ಬಾಯಿಂದ ಕೇಳದೆಯೇ ಸಾರಿ ಬಂದದ್ದು ಯಾವಾಗ ಎಂದು ನನಗೆ ನೆನಪೇ ಇಲ್ಲ.

ಆಮೇಲೆ ನಾವು ಮೂವರೂ ಸೇರಿ ಕಲಿತೆವು ಎಂದೇ ಹೇಳಬೇಕು. ಬಲಕ್ಕೆ ತಿರುಗಿಸಿದರೆ ಹಿಂಭಾಗ ಎತ್ತ ಬೀಸುತ್ತದೆ ಎಂಬುದು ಆಟದಿಂದ ತಲೆಗೆ ಹತ್ತಿತ್ತು. ಕಾಲಿನ ಭಾರ, ಭಯ, ತಿರುಗಿ ನೋಡುವ ತಾಳ್ಮೆ ಇವೆಲ್ಲ ಆ ಧೂಳಿನ ಬಯಲಿನಲ್ಲೇ ಬರಬೇಕಾಯಿತು. ಮಗಳು ಹಿಂದಿನಿಂದ, "ಇನ್ನೂ ಜಾಗ ಉಂಟು, ಇನ್ನೂ ಉಂಟು, ಸಾಕು" ಎನ್ನುತ್ತಿದ್ದಳು. ಕಲಿಸುವಾಕೆ ಅವಳಿಗೆ ಖರ್ಜೂರ ಕೊಟ್ಟು, "ಸಣ್ಣ ಟೀಚರ್" ಎಂದು ಕರೆದರು. ಸಣ್ಣ ಟೀಚರಿಗೆ ತಲೆ ನಿಲ್ಲಲಿಲ್ಲ, ಮನೆಗೆ ಬಂದು ಅಪ್ಪನಿಗೂ ಕ್ಲಾಸು ತೆಗೆದುಕೊಂಡಳು. ಹನ್ನೆರಡು ವರ್ಷದಿಂದ ಕಾರು ಓಡಿಸುವ ಅಪ್ಪ ಕೈಕಟ್ಟಿ ಕೇಳಿಸಿಕೊಂಡರು.

ಮೂರನೆಯ ಟೆಸ್ಟಿನ ದಿನ ಗಾಜಿನಲ್ಲಿ ಟೇಪೂ ಇರಲಿಲ್ಲ, ನನ್ನ ಬಾಯಲ್ಲಿ ಜಪವೂ ಇರಲಿಲ್ಲ. ರಿವರ್ಸ್ ಹಾಕಿ ತಿರುಗಿ ಡ್ರಮ್ಮುಗಳನ್ನು ನೋಡಿದೆ. ನಿಧಾನವಾಗಿ, ಹೆಜ್ಜೆ ಹೆಜ್ಜೆಯಾಗಿ ಕಾರು ಒಳಗೆ ಹೋಯಿತು. ಎಡದಲ್ಲಿ ಜಾಗ, ಬಲದಲ್ಲಿ ಜಾಗ, ಹಿಂದೆಯೂ ಜಾಗ. ಪೊಲೀಸರು ಸುತ್ತು ಬಂದು ನೋಡಿ ಕಾಗದದಲ್ಲಿ ಗೀಚಿ, "ಖಲಾಸ್, ಪಾಸ್" ಎಂದರು. ಖಲಾಸ್ ಎಂಬುದು ಅಷ್ಟು ಸಿಹಿಯಾದ ಶಬ್ದವೆಂದು ನನಗೆ ಗೊತ್ತಿರಲಿಲ್ಲ. ಆಚೆ ನಿಂತಿದ್ದ ಕಲಿಸುವಾಕೆಯನ್ನು ಓಡಿಹೋಗಿ ಅಪ್ಪಿಕೊಂಡೆ, ಅವರ ಕನ್ನಡಕ ವಾರೆಯಾಯಿತು. ಅದೇ ವಾರ ಏರಿನ ಟೆಸ್ಟಾಯಿತು, ಎರಡು ವಾರ ಕಳೆದು ರೋಡ್ ಟೆಸ್ಟೂ ಆಯಿತು. ರಮ್ಜಾನಿಗೆ ನಾಲ್ಕು ದಿನ ಇರುವಾಗ ಡಾಕ್ಟರಮ್ಮನಿಗೆ ಫೋನ್ ಮಾಡಿ, "ನಾಡಿದ್ದು ಬರ್ತೇನೆ" ಎಂದೆ. "ಬನ್ನಿ ಬನ್ನಿ, ಸ್ಯಾಂಪಲ್‌ಗಳೆಲ್ಲ ನಿಮ್ಮನ್ನೇ ಕಾಯ್ತಾ ಉಂಟು" ಎಂದು ಅವರು ನಕ್ಕರು.

ಮರುದಿನ ಮಧ್ಯಾಹ್ನ ಮಗಳನ್ನು ಶಾಲೆಯಿಂದ ಕರೆತರಲು ನಾನೇ ಹೊರಟೆ. ಗೇಟಿನ ಹೊರಗೆ ಅವಳು ನನ್ನನ್ನು ಕಾಣದೆ ವ್ಯಾನಿನ ಕಡೆ ನಡೆಯುತ್ತಿದ್ದಳು. ಹಾರ್ನ್ ಹೊಡೆದೆ, ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚಿಗೆ. ಗೆಳತಿಯರಿಗೆಲ್ಲ, "ದಟ್ಸ್ ಮೈ ಮದರ್" ಎಂದು ತೋರಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡಳು. ಅಷ್ಟು ಹೊತ್ತು ಹಲ್ಲು ಕಿಸಿಯುತ್ತಿದ್ದವಳು ದೊಡ್ಡ ರೌಂಡ್‌ಅಬೌಟ್ ಹತ್ತಿರ ಬರುವಾಗ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

"ಅಮ್ಮ, ಒಂದು ಹೇಳ್ಲಾ? ಆದ್ರೆ ನೀನು ಕಾರು ನಿಲ್ಲಿಸ್ಬಾರ್ದು."

"ನಿಲ್ಲಿಸಿದ್ರೆ ಹಿಂದಿನವ ಬಂದು ಗುದ್ದುತ್ತಾನೆ. ಎಂತ, ಹೇಳು."

"ಮ್ಯಾಥ್ಸ್ ಟೆಸ್ಟ್‌ನಲ್ಲಿ ಇಪ್ಪತ್ತೈದಕ್ಕೆ ಆರು. ಪೇಪರ್ ಬ್ಯಾಗ್‌ನಲ್ಲಿ ಉಂಟು. ಎರಡು ತಿಂಗಳು ಆಯ್ತು."

ತುಳು ಗಂಟಲಿನವರೆಗೆ ಬಂತು. ಎರಡು ತಿಂಗಳು! ಆರು! ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಎದುರಿಗೆ ಲಾರಿ ಇತ್ತು. ಕನ್ನಡಿಯಲ್ಲಿ ನೋಡಿದರೆ ಅವಳು ಭುಜ ಕುಗ್ಗಿಸಿ, ಬೈಗುಳಕ್ಕೆ ತಯಾರಾಗಿ ಕೂತಿದ್ದಾಳೆ.

"ಎರಡು ತಿಂಗಳು ಎಂತಕ್ಕೆ ಹೇಳ್ಲಿಲ್ಲ ಮತ್ತೆ?" ಎಂದೆ.

"ನಿನ್ನ ಟೆಸ್ಟ್ ಇತ್ತಲ್ಲ. ಹೇಳಿದ್ರೆ ನಿನಗೆ ಸಿಟ್ಟು ಬಂದು ಪುನಃ ಫೇಲ್ ಆಗ್ತಿದ್ದೆ. ಮತ್ತೆ ಆ ಕೆಲಸ ಸಿಗ್ತಿರ್ಲಿಲ್ಲ. ನಿನಗೆ ಅದು ತುಂಬಾ ಬೇಕಿತ್ತು ಅಲ್ವಾ?"

ಎರಡು ತಿಂಗಳು. ನಾನು ಅವಳ ಪಕ್ಕದಲ್ಲಿ ಕೂತು ಆಡಿದ ಅರ್ಧ ಗಂಟೆಗಳಲ್ಲೆಲ್ಲ, "ಪುನಃ ಮಾಡು ಅಮ್ಮ" ಎಂದು ಹೇಳಿಕೊಡುತ್ತಿದ್ದಾಗಲೆಲ್ಲ ಆ ಕಾಗದ ಅವಳ ಬ್ಯಾಗಿನಲ್ಲಿತ್ತು. ನನ್ನ ಕಣ್ಣು ಮಂಜಾಯಿತು. ಗಟ್ಟಿಯಾಗಿ ಎರಡು ಸಲ ರೆಪ್ಪೆ ಬಡಿದೆ, ರಸ್ತೆ ಕಾಣಬೇಕಲ್ಲ.

"ಎಂತದು ತಪ್ಪಿದ್ದು?"

"ಫ್ರ್ಯಾಕ್ಷನ್ಸ್."

"ಸಂಜೆ ಒಟ್ಟಿಗೆ ಕೂರುವ. ನಾನು ಬೈಯುದಿಲ್ಲ."

"ಪ್ರಾಮಿಸ್?"

"ಬೈಯದೆ ಇರ್ಲಿಕ್ಕೆ ಪ್ರಯತ್ನ ಮಾಡ್ತೇನೆ. ಅಷ್ಟೇ ಹೇಳ್ಲಿಕ್ಕೆ ಆಗುದು."

ಅವಳು ಹಿಂದಿನಿಂದ ಜೋರಾಗಿ ನಕ್ಕಳು, ನಕ್ಕವಳು ಥಟ್ಟನೆ ಕೂಗಿದಳು: "ಅಮ್ಮಾ! ನಮ್ಮ ರೋಡ್ ಹೋಯ್ತು!" ಹೌದು, ನಮ್ಮ ಮನೆಯ ರಸ್ತೆ ಬಲಕ್ಕೆ ದಾಟಿಹೋಗಿತ್ತು. "ಹೋಗ್ಲಿ ಬಿಡು" ಎಂದೆ, ಮತ್ತು ನಾವು ಇನ್ನೊಂದು ಸುತ್ತು ಹೊಡೆದೆವು.